ದಾರಿ ತೋರುವ ನಾಯಿಯನ್ನು ಕಾಯುವವರು ಯಾರು?



ಕಣ್ಣು ಕಾಣದವರಿಗೆ ದಾರಿ ತೋರುವ ಪ್ರಾಣಿಗೆ, ಅದನ್ನು ಹಿಡಿದು ನಡೆಯುವವರಿಂದಲೇ ಹಿಂಸೆಯಾದರೆ ಅದನ್ನು ಕಾಯುವವರು ಯಾರು, ಹೇಗೆ ಕಾಯಬೇಕು ಎಂಬ ಪ್ರಶ್ನೆಯನ್ನು ಇಂದು ಎತ್ತಿಕೊಂಡಿದ್ದೇನೆ. ಇದು ಕೇಳಲು ಮುಜುಗರವಾಗುವ ಪ್ರಶ್ನೆ. ಒಂದು ಕಡೆ ಸಮಾಜ ತಲೆತಲಾಂತರದಿಂದ ಕಡೆಗಣಿಸಿಕೊಂಡು ಬಂದ ಅಂಧರಿದ್ದಾರೆ. ಇನ್ನೊಂದು ಕಡೆ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ನಾಯಿ ಇದೆ. ‘ಪಾಪ, ಕಣ್ಣಿಲ್ಲದವರು, ಅವರಿಗೆ ಏನಂತ ಹೇಳೋದು’ ಎಂದು ಒಬ್ಬರು ಸುಮ್ಮನಾಗುತ್ತಾರೆ. ‘ಕಣ್ಣಿಲ್ಲದವರ ಕೈಗೆ ಯಾಕಾದರೂ ಪ್ರಾಣಿ ಕೊಡಬೇಕಿತ್ತು’ ಎಂದು ಇನ್ನೊಬ್ಬರು ಗೊಣಗುತ್ತಾರೆ. ಈ ಎರಡು ಮಾತುಗಳಲ್ಲೂ ಅಂಧರನ್ನು ಹೊಣೆ ಹೊರಬಲ್ಲ ವಯಸ್ಕರೆಂದು ಎಣಿಸಿದ ಲಕ್ಷಣವಿಲ್ಲ. ಹೊಣೆ ಹೊರಬಲ್ಲವರಿಗೆ ನೆರವನ್ನೂ ಕೊಡಬಹುದು, ಲೆಕ್ಕವನ್ನೂ ಕೇಳಬಹುದು. ನನ್ನ ವಾದವೆಲ್ಲ ಇಲ್ಲಿಂದಲೇ ಹೊರಡುತ್ತದೆ.

ನಮ್ಮ ದಾವಣಗೆರೆ, ಹರಿಹರದ ಬೀದಿಗಳಲ್ಲಿ ಇಂಥ ನಾಯಿ ಕಾಣುವುದೇ ಇಲ್ಲವಲ್ಲ, ಈ ಮಾತು ಇಲ್ಲಿಗೆ ಏಕೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಡೀ ಭಾರತದಲ್ಲೇ ತರಬೇತಾದ ಮಾರ್ಗದರ್ಶಿ ನಾಯಿಗಳು ಬೆರಳೆಣಿಕೆಯಷ್ಟು. ನಮ್ಮ ಅಂಧರು ಬಿಳಿ ಕೋಲನ್ನು, ಮನೆಯವರ ಭುಜವನ್ನು, ಬಸ್ಸಿನಲ್ಲಿ ಪಕ್ಕ ಕೂತವರ ಒಳ್ಳೆಯತನವನ್ನು ನಂಬಿ ಓಡಾಡುತ್ತಾರೆ. ಆದರೆ ಒಂದು ವ್ಯವಸ್ಥೆ ಬರುವ ಮೊದಲೇ ಅದರ ಕಟ್ಟುಪಾಡುಗಳನ್ನು ಯೋಚಿಸಿಕೊಳ್ಳುವುದು, ಬಂದ ಮೇಲೆ ಎಡವಿ ಕಲಿಯುವುದಕ್ಕಿಂತ ಮೇಲು. ಇನ್ನೊಂದು ಕಾರಣವೂ ಉಂಟು. ದುಡಿಯುವ ಪ್ರಾಣಿಯ ಜೊತೆ ಬದುಕಿದ ಅನುಭವ ನಮಗೆ ಹೊಸದಲ್ಲ. ಭದ್ರಾ ನಾಲೆಯ ಕಬ್ಬು, ಭತ್ತ ಸಾಗಿಸಿದ ಎತ್ತುಗಳಿಂದ ಹಿಡಿದು ಜಿಲ್ಲಾ ಪೊಲೀಸ್ ಶ್ವಾನದಳದವರೆಗೆ ನಾವು ಸರಿ ಮಾಡಿದ್ದೂ ತಪ್ಪು ಮಾಡಿದ್ದೂ ಇಲ್ಲೇ ಇವೆ. ಅವುಗಳಿಂದ ಕಲಿಯಬಹುದು.

ಮೊದಲು ಈ ನಾಯಿಯ ಕೆಲಸವೇನು ಎಂಬುದನ್ನು ನೋಡೋಣ. ಕುರುಡರನ್ನು ನಾಯಿ ನಡೆಸುವುದು ಹಳೆಯ ಸಂಗತಿಯೇ. ಪ್ಯಾರಿಸ್ಸಿನ ಅಂಧರ ಆಸ್ಪತ್ರೆಯೊಂದರಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಂಥ ತರಬೇತಿಯ ಪ್ರಯತ್ನ ನಡೆದಿತ್ತು. 1819ರಲ್ಲಿ ವಿಯೆನ್ನಾದ ಯೋಹಾನ್ ವಿಲ್ಹೆಲ್ಮ್ ಕ್ಲೈನ್ ತಮ್ಮ ಪುಸ್ತಕದಲ್ಲಿ ನಾಯಿಯನ್ನು ಹಗ್ಗದಿಂದಲ್ಲ, ಬಿಗಿಯಾದ ಹಿಡಿಯಿಂದ ಹಿಡಿಯುವ ಬಗೆಯನ್ನು ವಿವರಿಸಿದರು. ಆದರೆ ಅದೊಂದು ಸಂಸ್ಥೆಯಾಗಿ ನಿಂತದ್ದು ಮೊದಲ ಮಹಾಯುದ್ಧದಲ್ಲಿ. ವಿಷಾನಿಲಕ್ಕೆ, ಸಿಡಿಗುಂಡಿಗೆ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಮೊದಲ ತರಬೇತಿ ಶಾಲೆ ತೆರೆಯಿತು. ಜರ್ಮನಿಯ ಇಂಥ ತರಬೇತಿಯನ್ನು ಕಂಡ ಡೊರೊತಿ ಹ್ಯಾರಿಸನ್ ಯುಸ್ಟಿಸ್ ಎಂಬ ಅಮೆರಿಕನ್ ಮಹಿಳೆ 1927ರಲ್ಲಿ ಬರೆದ ಲೇಖನವನ್ನು ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕ ಓದಿಸಿಕೊಂಡು ಕೇಳಿದರು. ಅವರು ಸ್ವಿಟ್ಜರ್‌ಲೆಂಡಿಗೆ ಹೋಗಿ ‘ಬಡ್ಡಿ’ ಎಂಬ ನಾಯಿಯೊಡನೆ ತರಬೇತಿ ಪಡೆದು ಬಂದರು. 1929ರಲ್ಲಿ ಅಮೆರಿಕದ ‘ದಿ ಸೀಯಿಂಗ್ ಐ’ ಶಾಲೆ ಹುಟ್ಟಿತು. ಬ್ರಿಟನ್ನಿನಲ್ಲಿ 1931ರಲ್ಲಿ ಮೊದಲ ನಾಲ್ಕು ಜೋಡಿಗಳು ಸಿದ್ಧವಾದವು. ಮುಂದೆ ಅಮೆರಿಕದಲ್ಲಿ ಕೆಲವರು ಪುಟ್ಟ ತಳಿಯ ಕುದುರೆಗಳಿಗೂ ಈ ಕೆಲಸ ಕಲಿಸಿದ್ದಾರೆ. ಆದರೂ ಇಂದಿಗೂ ಮುಖ್ಯವಾಗಿ ದುಡಿಯುವವು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ನಾಯಿಗಳೇ. ನಮ್ಮ ಮುಧೋಳದ ಬೇಟೆನಾಯಿ ಭಾರತೀಯ ಸೇನೆಯವರೆಗೂ ಹೋಗಿ ಹೆಸರು ತಂದಿದೆ. ಆದರೆ ಓಡುವ ಮೊಲವನ್ನು ಕಂಡರೆ ಬೆನ್ನಟ್ಟಿ ಹೋಗುವುದು ಅದರ ರಕ್ತದಲ್ಲೇ ಇದೆ. ಆ ಗುಣ ಈ ಕೆಲಸಕ್ಕೆ ಒಗ್ಗದು.

ಈ ನಾಯಿ ದಾರಿಯನ್ನು ಬಲ್ಲ ನಕ್ಷೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಲ್ಲಿಗೆ ಹೋಗಬೇಕು, ಎಲ್ಲಿ ತಿರುಗಬೇಕು ಎಂದು ತಿಳಿದಿರುವುದು ಹಿಡಿದ ಮನುಷ್ಯನಿಗೆ. ನಾಯಿಯ ಕೆಲಸ ಅಡ್ಡ ಬಂದದ್ದನ್ನು ತಪ್ಪಿಸುವುದು, ಮೆಟ್ಟಿಲ ಬಳಿ ನಿಲ್ಲುವುದು, ತಲೆಗೆ ತಾಗುವ ಕೊಂಬೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿಯುವುದು. ಎಲ್ಲಕ್ಕಿಂತ ಕಷ್ಟದ ಪಾಠ ಇನ್ನೊಂದಿದೆ. ‘ಮುಂದೆ ನಡೆ’ ಎಂದು ಯಜಮಾನ ಹೇಳಿದಾಗ ಎದುರಿಗೆ ವಾಹನವೋ ತೆರೆದ ಚರಂಡಿಯೋ ಇದ್ದರೆ ಆ ಆಜ್ಞೆಯನ್ನು ಮೀರಿ ನಿಲ್ಲಬೇಕು. ಎಂದರೆ ವಿವೇಕದಿಂದ ಮಾತು ಮೀರುವುದನ್ನು ಇದಕ್ಕೆ ಕಲಿಸಿರುತ್ತಾರೆ. ಹೊಡೆತಕ್ಕೆ ಹೆದರಿದ ನಾಯಿ ಮೊದಲು ಕಳೆದುಕೊಳ್ಳುವುದು ಈ ವಿವೇಕವನ್ನು. ನಿಂತರೆ ಪೆಟ್ಟು ಬೀಳುತ್ತದೆಂದು ಅನುಭವದಿಂದ ತಿಳಿದ ಪ್ರಾಣಿ ನಿಲ್ಲುವುದಿಲ್ಲ, ತೆರೆದ ಚರಂಡಿಯತ್ತಲೇ ಕರೆದುಕೊಂಡು ಹೋಗುತ್ತದೆ.

ನಾಯಿಯನ್ನು ಹಿಂಸಿಸಿದರೆ ಹಿಂಸಿಸಿದವರಿಗೇ ಅಪಾಯ ಎಂಬ ಈ ವಾದ ಬಲವಾದದ್ದು, ತರಬೇತಿ ಶಾಲೆಗಳು ಅದನ್ನೇ ಮುಂದೆ ಮಾಡುತ್ತವೆ. ನನಗೆ ಅದು ಸಾಲದು. ಈ ವಾದವನ್ನು ಮಾತ್ರ ನೆಚ್ಚಿಕೊಂಡರೆ, ಕೆಲಸಕ್ಕೆ ಬಾರದಾದ ದಿನ ನಾಯಿಯ ಪರವಾಗಿ ಹೇಳಲು ನಮ್ಮಲ್ಲಿ ಏನೂ ಉಳಿಯುವುದಿಲ್ಲ. ಒಂಬತ್ತು ಹತ್ತು ವರ್ಷ ವಯಸ್ಸಿಗೆ ಹೆಚ್ಚಿನ ಮಾರ್ಗದರ್ಶಿ ನಾಯಿಗಳು ನಿವೃತ್ತವಾಗುತ್ತವೆ. ಕೀಲು ಹಿಡಿದುಕೊಂಡ, ಕಣ್ಣು ಮಂಜಾದ ಆ ನಾಯಿಯಿಂದ ಯಾರಿಗೂ ಪ್ರಯೋಜನವಿಲ್ಲ. ಅದಕ್ಕೂ ನೋವಿಲ್ಲದೆ ಬದುಕುವ ಹಕ್ಕಿದೆ ಎಂದು ಹೇಳಬೇಕಾದರೆ ಪ್ರಯೋಜನದಾಚೆಯ ನೆಲೆಯೊಂದು ಬೇಕು. ನಮ್ಮ ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ಕರುಣೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಸಿವು-ಬಾಯಾರಿಕೆ, ಭಯ, ನೋವು, ತನ್ನ ಸಹಜ ನಡವಳಿಕೆಗೆ ತಡೆ ಇವುಗಳಿಂದ ಪ್ರಾಣಿ ಮುಕ್ತವಾಗಿರಬೇಕೆಂಬ ತತ್ವವನ್ನು ಎತ್ತಿ ಹಿಡಿಯಿತು. ಆ ಆಟಗಳ ವಿಷಯದಲ್ಲಿ ಕಾನೂನು ಮುಂದೆ ಬೇರೆ ತಿರುವು ಪಡೆಯಿತು, ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿಯನ್ನೂ 2023ರಲ್ಲಿ ಸಾಂವಿಧಾನಿಕ ಪೀಠ ಎತ್ತಿ ಹಿಡಿಯಿತು. ಆದರೂ ನಾಯಿಯ ಮೈಗೆ ಏನಾಗಬಾರದು ಎಂದು ಅಳೆಯಲು ಆ ಪಟ್ಟಿ ಇಂದಿಗೂ ಒಳ್ಳೆಯ ಅಳತೆಗೋಲು.

ಹಿಂಸೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಣ್ಣೆ. ಮಾರ್ಗದರ್ಶಿ ನಾಯಿಯ ವಿಷಯದಲ್ಲಿ ದೊಣ್ಣೆಯೇಟು ಅಪರೂಪ. ನಿತ್ಯದ ಹಿಂಸೆ ಬೇರೆ ರೂಪದಲ್ಲಿರುತ್ತದೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಲೋಕಿಕೆರೆ ರಸ್ತೆಯ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿದವರಿಗೆ ಅದರ ಬಿಸಿ ಗೊತ್ತು. ನಾವು ಚಪ್ಪಲಿ ಮೆಟ್ಟಿ ನಡೆಯುತ್ತೇವೆ, ನಾಯಿ ತನ್ನ ಅಂಗಾಲಿನ ಮೆತ್ತೆಯ ಮೇಲೆ ನಡೆಯುತ್ತದೆ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಕುವುದೇ ಅದಕ್ಕೆ ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಅಂಗೈ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳೆಂಟು ಸೆಕೆಂಡು ಇಟ್ಟುಕೊಳ್ಳಲಾಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬಾರದು ಎಂದು ಪಶುವೈದ್ಯರು ಹೇಳುವುದುಂಟು. ಲ್ಯಾಬ್ರಡಾರ್ ಮತ್ತು ರಿಟ್ರೀವರ್ ತಳಿಗಳು ಮೊದಲಿಗೆ ಬೆಳೆದದ್ದೇ ಚಳಿನಾಡಿನಲ್ಲಿ. ಅಂಥ ನಾಯಿಯನ್ನು ಬಯಲುಸೀಮೆಯ ಬೇಸಗೆಗೆ ತಂದು, ಹನ್ನೆರಡರಿಂದ ಮೂರರವರೆಗೆ ಸಂತೆ, ಬ್ಯಾಂಕು, ಆಸ್ಪತ್ರೆ ಎಂದು ಓಡಾಡಿಸಿದರೆ ಕೋಲು ಮುಟ್ಟದೆಯೇ ಹಿಂಸೆ ಮಾಡಿದಂತಾಗುತ್ತದೆ.

ಉಳಿದ ರೂಪಗಳನ್ನೂ ನೋಡಿ. ಮುಂಗಾಲ ಸಂದಿನಲ್ಲಿ ಉಜ್ಜಿ ಉಜ್ಜಿ ಹುಣ್ಣಾಗಿಸುವ ಸಡಿಲ ಪಟ್ಟಿ. ಕೆಲಸವಿಲ್ಲದ ದಿನವಿಡೀ ಗೇಟಿನ ಬಳಿ ಚಿಕ್ಕ ಸರಪಳಿಯಲ್ಲಿ ಕಟ್ಟಿಹಾಕುವುದು. ಉಣ್ಣೆ ಹತ್ತಿ ಜ್ವರ ಬಂದರೂ ತಿಂಗಳಾನುಗಟ್ಟಲೆ ಪಶು ಆಸ್ಪತ್ರೆಗೆ ಒಯ್ಯದಿರುವುದು. ಪ್ರೀತಿಯಿಂದಲೇ ಆಗುವ ಹಿಂಸೆಯೂ ಉಂಟು. ಮನೆಗೆ ಬಂದ ಅತಿಥಿಯಂತೆ ಎಲ್ಲರೂ ಒಂದೊಂದು ತುತ್ತು ಹಾಕಿ, ಹೋಳಿಗೆ ತುಪ್ಪ ತಿನ್ನಿಸಿ, ಅದರ ಮೈ ಬೆಳೆಸಿ ಕೀಲು ಕೆಡಿಸುತ್ತಾರೆ. ನಮ್ಮ ಕೂಡುಕುಟುಂಬಗಳಲ್ಲಿ ಈ ಕೊನೆಯದ್ದೇ ದೊಡ್ಡ ತೊಂದರೆಯಾಗಬಹುದು ಎಂದು ನನಗೆ ಅನ್ನಿಸುತ್ತದೆ. ನಾಯಿಯ ಪಟ್ಟಿ ಹಿಡಿಯುವವರು ಒಬ್ಬರು, ಉಣಿಸುವವರು ತಾಯಿ, ಗದರಿಸುವವರು ಅಣ್ಣ, ಬಾಲ ಎಳೆಯುವವರು ಮಕ್ಕಳು. ಹೀಗಿರುವಾಗ ಹೊಣೆಯನ್ನು ಅಂಧ ವ್ಯಕ್ತಿಯ ತಲೆಗೇ ಕಟ್ಟಿ, ಮಿಕ್ಕವರು ಕೈ ಒರೆಸಿಕೊಂಡರೆ ಅನ್ಯಾಯವಾಗುತ್ತದೆ. ತರಬೇತಿ ಕೊಡುವುದಾದರೆ ಮನೆಮಂದಿಗೆಲ್ಲ ಕೊಡಬೇಕು.

ಕಣ್ಣು ಕಾಣದವರು ನಾಯಿಯ ಹುಣ್ಣನ್ನು, ನೋವನ್ನು ನೋಡುವುದಾದರೂ ಹೇಗೆ ಎಂಬ ಸಂಶಯ ಇಲ್ಲಿ ಏಳುತ್ತದೆ. ತಿಳಿದವರನ್ನು ಕೇಳಿದರೆ ಈ ಸಂಶಯ ಉಳಿಯುವುದಿಲ್ಲ. ಮಾರ್ಗದರ್ಶಿ ನಾಯಿ ಹೊಂದಿದವರು ದಿನವೂ ಅದರ ಮೈ ಬಾಚುತ್ತಾರೆ. ಬಾಚುವುದೆಂದರೆ ತಲೆಯಿಂದ ಬಾಲದವರೆಗೆ ಬೆರಳಾಡಿಸುವುದು. ಕಿವಿಯ ಬುಡದಲ್ಲಿ, ಕಾಲ್ಬೆರಳ ಸಂದಿನಲ್ಲಿ ಕಚ್ಚಿಕೊಂಡ ಉಣ್ಣೆ ನೋಡುವವರ ಕಣ್ಣಿಗೆ ಕೂದಲ ಮರೆಯಲ್ಲಿ ತಪ್ಪಿಸಿಕೊಳ್ಳಬಹುದು, ಬೆರಳ ತುದಿಗೆ ತಪ್ಪಿಸಿಕೊಳ್ಳದು. ಪಕ್ಕೆಲುಬಿನ ಮೇಲೆ ಕೈ ಒತ್ತಿ ನಾಯಿ ಸೊರಗಿದೆಯೋ ಕೊಬ್ಬಿದೆಯೋ ಹೇಳಬಹುದು. ಪಶುವೈದ್ಯರೂ ಅದನ್ನು ಕೈಯಿಂದಲೇ ಅಳೆಯುತ್ತಾರೆ. ಕಿವಿಯ ಸೋಂಕು ವಾಸನೆಯಿಂದ ಗೊತ್ತಾಗುತ್ತದೆ, ಜ್ವರದ ಸುಳಿವು ಕಿವಿಯ ಹಾಗೂ ಹೊಟ್ಟೆಯ ಬಿಸಿಯಿಂದ. ಎಲ್ಲಕ್ಕಿಂತ ಮುಖ್ಯ, ಎದೆಪಟ್ಟಿಗೆ ಜೋಡಿಸಿದ ಆ ಗಟ್ಟಿ ಹಿಡಿ. ನಾಯಿಯ ಒಂದೊಂದು ಹೆಜ್ಜೆಯೂ ಅದರ ಮೂಲಕ ಅಂಗೈಗೆ ಮುಟ್ಟುತ್ತದೆ. ಒಂದು ಕಾಲನ್ನು ಕೊಂಚ ಕುಂಟಿಸಿದರೂ ಹಿಡಿಯ ತೂಗಾಟ ಬದಲಾಗುತ್ತದೆ, ದಾರಿಯಲ್ಲಿ ನೋಡುತ್ತ ನಿಂತವರಿಗೆ ತಿಳಿಯುವ ಮೊದಲು ನಡೆಯುತ್ತಿರುವವರಿಗೆ ತಿಳಿಯುತ್ತದೆ. ಆದ್ದರಿಂದ ‘ಕಾಣಲಿಲ್ಲ’ ಎಂಬುದು ನಿರ್ಲಕ್ಷ್ಯಕ್ಕೆ ನೆಪವಾಗಬಾರದು. ‘ಕಾಣುವುದಿಲ್ಲ, ಆದ್ದರಿಂದ ನಾಯಿ ಕೊಡಬಾರದು’ ಎಂಬ ತೀರ್ಪಿಗೂ ಅದು ಆಧಾರವಾಗಬಾರದು.

ಇನ್ನು ದಾರಿಹೋಕರ ದೂರಿನ ಪ್ರಶ್ನೆ. ಅಮೆರಿಕದ ಅಂಧರ ಸಂಘಟನೆಗಳಲ್ಲಿ ಇದು ವರ್ಷಗಳಿಂದ ಚರ್ಚೆಯಾದ ವಿಷಯ. ನಾಯಿಯ ಗಮನ ಬೀದಿಯಲ್ಲಿ ಬಿದ್ದ ತಿಂಡಿಯ ಕಡೆ ಹೋದಾಗ ಹಿಡಿದವರು ಬಾರನ್ನು ಚುರುಕಾಗಿ ಜಗ್ಗಿ ಎಚ್ಚರಿಸುತ್ತಾರೆ. ದೂರದಿಂದ ನೋಡಿದವರಿಗೆ ಅದು ಹಿಂಸೆಯಂತೆ ಕಾಣಬಹುದು. ಅವರು ನಾಯಿ ಕೊಟ್ಟ ತರಬೇತಿ ಶಾಲೆಗೆ ಫೋನ್ ಮಾಡುತ್ತಾರೆ. ಯಾರು ದೂರಿದರು, ಏನು ಕಂಡರು ಎಂಬುದು ಅಂಧ ವ್ಯಕ್ತಿಗೆ ತಿಳಿಯುವುದಿಲ್ಲ, ಆದರೆ ನಾಯಿಯನ್ನು ಕಳೆದುಕೊಳ್ಳುವ ಭಯ ಹುಟ್ಟುತ್ತದೆ. ನಾಯಿ ಹೋದರೆ ಅವರ ಪಾಲಿಗೆ ಕಚೇರಿಗೆ ಹೋಗುವ ದಾರಿ, ಒಬ್ಬಂಟಿಯಾಗಿ ಸಂಜೆ ತಿರುಗಾಡುವ ಸ್ವಾತಂತ್ರ್ಯ ಎಲ್ಲವೂ ಒಟ್ಟಿಗೆ ಹೋಗುತ್ತವೆ. ನಾಯಿ ಸಾಕಿದ ಕಣ್ಣಿರುವವರ ಮೇಲೆ ಇಂಥ ಕಣ್ಗಾವಲು ಇಲ್ಲ ಎಂಬ ಅವರ ಅಳಲು ನಿಜ. ಹಾಗೆಂದು ದೂರನ್ನೇ ಕೇಳಬಾರದು ಎನ್ನಲು ಬರುವುದಿಲ್ಲ, ನಾಯಿಗೆ ಬೇರೆ ಸಾಕ್ಷಿ ಎಲ್ಲಿಂದ ತರುವುದು?

ನನ್ನ ನಿಲುವು ಇಷ್ಟು. ತೀರ್ಮಾನ ದಾರಿಹೋಕರ ಕಣ್ಣಿನ ಮೇಲೆ ನಿಲ್ಲಬಾರದು, ನಾಯಿಯ ಮೈ ಮೇಲೆ ನಿಲ್ಲಬೇಕು. ದೂರು ಬಂದರೆ ಅದು ತನಿಖೆಗೆ ಕಾರಣವಾಗಲಿ, ಶಿಕ್ಷೆಗಲ್ಲ. ಪಶುವೈದ್ಯರು ತೂಕ, ಅಂಗಾಲು, ಪಟ್ಟಿಯ ಜಾಗ, ಹಲ್ಲು, ಉಗುರು ನೋಡಲಿ. ತರಬೇತುದಾರರು ಜೊತೆಗೆ ನಡೆದು, ಕೈ ಎತ್ತಿದರೆ ನಾಯಿ ಮುದುಡುತ್ತದೆಯೇ, ಹಿಡಿ ಕಟ್ಟಲು ಬಂದಾಗ ತಾನಾಗಿ ತಲೆ ತೂರಿಸುತ್ತದೆಯೇ ಅಥವಾ ಮಂಚದ ಕೆಳಗೆ ಅಡಗುತ್ತದೆಯೇ ಎಂದು ಗಮನಿಸಲಿ. ಕೆಲಸವನ್ನು ಇಷ್ಟಪಡುವ ನಾಯಿ ಪಟ್ಟಿಯ ಸದ್ದು ಕೇಳಿದರೆ ಎದ್ದು ಬರುತ್ತದೆ. ಬರದಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಈ ಎಲ್ಲವನ್ನೂ ಹಿಡಿದವರ ಎದುರಿಗೇ ನಡೆಸಬೇಕು, ಕಂಡದ್ದನ್ನು ಅವರಿಗೆ ಓದಿ ಹೇಳಬೇಕು, ಉತ್ತರ ಹೇಳಲು ಅವಕಾಶ ಕೊಡಬೇಕು. ಮೊದಲ ಹೆಜ್ಜೆ ಮರುತರಬೇತಿ, ಆಮೇಲೆ ಲಿಖಿತ ಎಚ್ಚರಿಕೆ, ಕೊನೆಯದ್ದು ನಾಯಿಯನ್ನು ಹಿಂದಕ್ಕೆ ಪಡೆಯುವುದು. ಮೂಳೆ ಮುರಿಯುವಂಥ, ಸುಡುವಂಥ ಕ್ರೌರ್ಯವಾದರೆ ಮೆಟ್ಟಿಲುಗಳನ್ನು ಎಣಿಸುತ್ತ ಕೂರುವಂತಿಲ್ಲ, ಅಂದೇ ನಾಯಿಯನ್ನು ಕರೆದೊಯ್ಯಬೇಕು.

ಹಿಂದಕ್ಕೆ ಪಡೆಯುವುದೆಂದರೆ ಯಾರು, ಯಾವ ಹಕ್ಕಿನಿಂದ? ಇಲ್ಲಿ ಲೋಕದ ಅನುಭವ ಎರಡಾಗಿ ಕವಲೊಡೆಯುತ್ತದೆ. ಬ್ರಿಟನ್ನಿನ ದೊಡ್ಡ ಸಂಸ್ಥೆ ನಾಯಿಯ ಮಾಲೀಕತ್ವವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಬೇಕಾದವರಿಗೆ ಆಹಾರ ಮತ್ತು ವೈದ್ಯಕೀಯ ವೆಚ್ಚವನ್ನೂ ಭರಿಸುತ್ತದೆ. ಅಮೆರಿಕದ ಸೀಯಿಂಗ್ ಐ ಶಾಲೆ ತರಬೇತಿ ಮುಗಿದ ಕೂಡಲೇ ನಾಯಿಯನ್ನು ಅಂಧ ವ್ಯಕ್ತಿಯ ಸ್ವಂತಕ್ಕೆ ಕೊಡುತ್ತದೆ. ಮೊದಲನೆಯದರಲ್ಲಿ ನಾಯಿಗೆ ಕಾವಲು ಭದ್ರ, ಅಂಧರು ಸದಾ ಸಾಲಗಾರರಂತೆ. ಎರಡನೆಯದರಲ್ಲಿ ಅಂಧರ ಘನತೆ ಭದ್ರ, ಆದರೆ ನಾಯಿಗೆ ಅನ್ಯಾಯವಾದರೆ ದೇಶದ ಸಾಮಾನ್ಯ ಕಾನೂನೇ ಗತಿ. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ. ಆದರೆ ನಮ್ಮ ಕಾನೂನಿನ ಸ್ಥಿತಿ ನೋಡಿದರೆ, ಈಗಲೇ ಪೂರ್ಣ ಮಾಲೀಕತ್ವ ಎನ್ನಲು ಧೈರ್ಯ ಬರುವುದಿಲ್ಲ.

ಆ ಸ್ಥಿತಿಯನ್ನು ಬಿಡಿಸಿ ನೋಡೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೆಯ ಕಲಮು, ಪ್ರಾಣಿಯ ಪಾಲನೆ ಯಾರ ಕೈಯಲ್ಲಿದೆಯೋ ಅವರೆಲ್ಲರಿಗೂ ಅದರ ಕ್ಷೇಮ ನೋಡಿಕೊಳ್ಳುವ ಕರ್ತವ್ಯ ಹೊರಿಸುತ್ತದೆ. 11ನೆಯ ಕಲಮು ಹೊಡೆಯುವುದು, ಒದೆಯುವುದು, ಅತಿಯಾಗಿ ದುಡಿಸುವುದು, ಅನ್ನ ನೀರು ಕೊಡದಿರುವುದು, ಚಿಕ್ಕ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು ಎಲ್ಲವನ್ನೂ ಅಪರಾಧ ಎನ್ನುತ್ತದೆ. ಅರವತ್ತು ವರ್ಷಗಳ ಹಿಂದೆಯೇ ಕಟ್ಟಿಹಾಕಿದ ನಾಯಿಯ ಕಷ್ಟವನ್ನು ಯೋಚಿಸಿ ಬರೆದವರ ಬಗ್ಗೆ ನನಗೆ ಗೌರವವಿದೆ. ಆದರೆ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ದಾವಣಗೆರೆಯಲ್ಲಿ ಒಂದು ಬೆಣ್ಣೆದೋಸೆಗೆ ಕೊಡುವ ದುಡ್ಡು ಅದಕ್ಕಿಂತ ಹೆಚ್ಚು. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. 29ನೆಯ ಕಲಮು ಶಿಕ್ಷೆಯಾದವರಿಂದ ಪ್ರಾಣಿಯ ಮಾಲೀಕತ್ವವನ್ನು ಕಿತ್ತುಕೊಳ್ಳುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ, ಆದರೆ ಅದು ತೀರ್ಪಾದ ಮೇಲಿನ ಮಾತು. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಪ್ರಾಣಿಯನ್ನು ಕೊಲ್ಲುವ, ಅಂಗ ಊನ ಮಾಡುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯುಂಟು. ಅಲ್ಲಿಗೆ ಹೋಗುವ ಮೊದಲೇ ನಾಯಿ ಸತ್ತಿರುತ್ತದೆ ಅಥವಾ ಕುಂಟಾಗಿರುತ್ತದೆ.

ಅಂಧರ ಕಡೆಯ ಕಾನೂನನ್ನೂ ನೋಡಬೇಕು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದರ 20ನೆಯ ವಿಧಿ ಸಂಚಾರಕ್ಕೆ ಜೀವಂತ ನೆರವನ್ನು, ಅಂದರೆ ಮನುಷ್ಯರ ಮತ್ತು ಪ್ರಾಣಿಗಳ ನೆರವನ್ನು, ಒದಗಿಸುವುದು ಸರ್ಕಾರಗಳ ಕರ್ತವ್ಯ ಎನ್ನುತ್ತದೆ. ಅದಕ್ಕೆ ಅನುಗುಣವಾಗಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಈ ಕಾಯ್ದೆ ಮತ್ತು 1960ರ ಕಾಯ್ದೆ ಒಂದರ ಮುಖ ಒಂದು ನೋಡದೆ ನಿಂತಿವೆ. ಒಂದು ಅಂಧರ ಹಕ್ಕನ್ನು ಹೇಳುತ್ತದೆ, ಇನ್ನೊಂದು ನಾಯಿಯ ನೋವನ್ನು ಹೇಳುತ್ತದೆ. ಇಬ್ಬರೂ ಒಂದೇ ಬಾರಿನ ಎರಡು ತುದಿಯಲ್ಲಿ ಇರುವಾಗ ಏನಾಗಬೇಕೆಂಬ ನಿಯಮಾವಳಿ ಬರೆಯುವ ಕೆಲಸ ಬಾಕಿ ಇದೆ.

ನಿಯಮಾವಳಿ ಹೇಗಿರಬೇಕೆಂಬುದಕ್ಕೆ ನಮ್ಮದೇ ಮಾದರಿಯೊಂದಿದೆ. ಎತ್ತು, ಕೋಣ, ಕುದುರೆ, ಕತ್ತೆಗಳಿಗೆ ಸಂಬಂಧಿಸಿದ 1965ರ ನಿಯಮಗಳು ಭಾವನೆಯ ಮಾತಾಡುವುದಿಲ್ಲ, ಅಳತೆಯ ಮಾತಾಡುತ್ತವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ಹೂಡಬಾರದು. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಸಬಾರದು. ಮೊಳೆ ಹೊಡೆದ ಕೋಲು, ಮುಳ್ಳಿನ ಕಡಿವಾಣ ಬಳಸಬಾರದು. ಎಷ್ಟು ಹೇರು ಎಂಬುದಕ್ಕೂ ಪ್ರಾಣಿಯ ಗಾತ್ರ, ಗಾಡಿಯ ಚಕ್ರ ನೋಡಿ ಮಿತಿ ಹಾಕಿದ್ದಾರೆ. ಈ ನಿಯಮಗಳು ಎಷ್ಟರಮಟ್ಟಿಗೆ ಪಾಲನೆಯಾದವು ಎಂಬುದು ಹಂಗಾಮಿನ ಕಬ್ಬಿನ ಗಾಡಿಗಳ ಸಾಲನ್ನು ನೋಡಿದವರಿಗೆ ಗೊತ್ತು. ಹಳ್ಳಿಯ ಒಳ್ಳೆಯ ಬೇಸಾಯಗಾರರಿಗೆ ಇದನ್ನು ಕಾಯ್ದೆ ಕಲಿಸಬೇಕಾಗಿರಲಿಲ್ಲ. ಅವರು ಗಾಡಿ ಬಿಟ್ಟ ಕೂಡಲೇ ನೊಗ ಇಳಿಸಿ ಎತ್ತಿನ ಹೆಗಲ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದರು. ಬಿಸಿಯಿದ್ದರೆ, ಬಾತಿದ್ದರೆ, ಕೈ ತಾಗಿದೊಡನೆ ಎತ್ತು ಮೈ ಜಗ್ಗಿದರೆ ಮಾರನೆಯ ದಿನ ಅದನ್ನು ಹೂಡುತ್ತಿರಲಿಲ್ಲ, ಕೆಲಸ ನಿಂತರೆ ನಿಲ್ಲಲಿ ಎನ್ನುತ್ತಿದ್ದರು. ಬಾಡಿಗೆಗೆ ಗಾಡಿ ಹೊಡೆಸಿ ಟನ್ನಿನ ಲೆಕ್ಕದಲ್ಲಿ ಕೂಲಿ ಎಣಿಸುವ ಪದ್ಧತಿ ಬಂದಾಗ ಹೆಗಲು ನೋಡುವ ಕೈ ಒಬ್ಬರದ್ದು, ಲಾಭ ಎಣಿಸುವ ಕೈ ಇನ್ನೊಬ್ಬರದ್ದು ಆಯಿತು. ಹಿಂಸೆ ಹೆಚ್ಚಿದ್ದು ಆ ಸಂದಿನಲ್ಲಿ. ಮಾರ್ಗದರ್ಶಿ ನಾಯಿಯ ವ್ಯವಸ್ಥೆ ರೂಪಿಸುವಾಗ ಈ ಸಂದು ಬೀಳದಂತೆ ನೋಡಿಕೊಳ್ಳಬೇಕು. ನಾಯಿಯಿಂದ ಉಪಯೋಗ ಪಡೆಯುವವರೇ ಅದರ ಮೈ ಮುಟ್ಟಿ ನೋಡಬೇಕು, ಬಾಚುವ ಕೆಲಸವನ್ನು ಆಳಿಗೋ ತಂಗಿಗೋ ವಹಿಸಬಾರದು.

ಇನ್ನೊಂದು ಮಾದರಿ ನಮ್ಮ ಜಿಲ್ಲೆಯದ್ದೇ. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಬಳಿಯ ಕೊಲೆ ಪ್ರಕರಣವೊಂದರಲ್ಲಿ ದಾವಣಗೆರೆ ಪೊಲೀಸ್ ಶ್ವಾನದಳದ ‘ತುಂಗಾ’ ಎಂಬ ಡಾಬರ್‌ಮನ್ ಸುಮಾರು 12 ಕಿಲೋಮೀಟರ್ ದೂರ ಜಾಡು ಹಿಡಿದು ಓಡಿ ಆರೋಪಿಯ ಪತ್ತೆಗೆ ನೆರವಾದದ್ದನ್ನು ತಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಆಗ ಅದು ಎಳೆಯ ನಾಯಿಯೇನೂ ಆಗಿರಲಿಲ್ಲ. ಆ ಓಟವನ್ನು ನಾವು ಮೆಚ್ಚಿದೆವು. ಅದರ ಹಿಂದಿನ ಶಿಸ್ತನ್ನು ಗಮನಿಸಿದವರು ಕಡಿಮೆ. ಪೊಲೀಸ್ ನಾಯಿಗೆ ಗೊತ್ತುಮಾಡಿದ ಹ್ಯಾಂಡ್ಲರ್ ಇರುತ್ತಾರೆ, ಅವರೇ ಉಣಿಸುತ್ತಾರೆ, ಅವರೇ ಮೈ ತೊಳೆಯುತ್ತಾರೆ. ಲಸಿಕೆಗೆ, ವೈದ್ಯರ ತಪಾಸಣೆಗೆ ದಾಖಲೆಯಿರುತ್ತದೆ. ನಾಯಿ ಒಬ್ಬರ ಸ್ವತ್ತಲ್ಲವಾದ್ದರಿಂದ ಮೇಲಿನವರು ಯಾವಾಗ ಬೇಕಾದರೂ ಬಂದು ನೋಡಬಹುದು. ಹ್ಯಾಂಡ್ಲರನ್ನು ಯಾರೂ ಕಳ್ಳನಂತೆ ಶಂಕಿಸುವುದಿಲ್ಲ, ಆದರೂ ಲೆಕ್ಕ ಕೇಳುತ್ತಾರೆ. ಶಂಕೆಯಿಲ್ಲದೆ ಲೆಕ್ಕ ಕೇಳುವ ಈ ರೀತಿಯೇ ಅಂಧರ ವಿಷಯದಲ್ಲೂ ಬೇಕಾದದ್ದು. ಎಲ್ಲ ಜೋಡಿಗಳಿಗೂ ಒಂದೇ ಬಗೆಯಲ್ಲಿ, ಮೊದಲೇ ಗೊತ್ತುಮಾಡಿದ ದಿನಗಳಲ್ಲಿ ತಪಾಸಣೆ ನಡೆದರೆ ಅದು ಯಾರಿಗೂ ಅವಮಾನವಾಗುವುದಿಲ್ಲ.

ಹಾಗಾದರೆ ನಮ್ಮ ಜಿಲ್ಲೆಗೆ ಮೊದಲ ನಾಯಿ ಬರುವ ಮುನ್ನ ಏನೇನು ಸಿದ್ಧವಾಗಬೇಕು? ಆಯ್ಕೆಯಲ್ಲಿ ಕಟ್ಟುನಿಟ್ಟು ಇರಬೇಕು. ಎಲ್ಲ ಅಂಧರಿಗೂ ನಾಯಿ ಬೇಕಿಲ್ಲ, ಅನೇಕರಿಗೆ ಬಿಳಿ ಕೋಲೇ ಹಿತ. ನಾಯಿಯನ್ನು ಇಷ್ಟಪಡದವರಿಗೆ, ದಿನವೂ ಅಷ್ಟು ದೂರ ನಡೆಯುವ ಅಗತ್ಯವಿಲ್ಲದವರಿಗೆ ಅನುಕಂಪದಿಂದ ನಾಯಿ ಕೊಟ್ಟರೆ ಅದು ಗೇಟಿನ ಬಳಿಯ ಸರಪಳಿಗೆ ಸೇರುತ್ತದೆ. ಮೊದಲ ಕೆಲವು ವರ್ಷ ಮಾಲೀಕತ್ವ ಸಂಸ್ಥೆಯಲ್ಲಿದ್ದು, ಬಳಿಕ ವರ್ಗಾವಣೆಯಾಗುವ ನಡುವಿನ ದಾರಿ ನನಗೆ ಸರಿ ಕಾಣುತ್ತದೆ. ಸಂಸ್ಥೆ ಮಾಲೀಕತ್ವ ಇಟ್ಟುಕೊಂಡರೆ ಖರ್ಚನ್ನೂ ಇಟ್ಟುಕೊಳ್ಳಬೇಕು. ಬಡತನದಿಂದ ಆದ ನಿರ್ಲಕ್ಷ್ಯಕ್ಕೆ ಔಷಧ ಮತ್ತು ಆಹಾರದ ನೆರವೇ ಪರಿಹಾರ. ಹಣವಿಲ್ಲದೆ ಲಸಿಕೆ ತಪ್ಪಿಸಿದವರನ್ನೂ ಕುಡಿದು ಬಂದು ಒದ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ದೂರವಲ್ಲ. ಅಲ್ಲಿಯ ವೈದ್ಯರು ಮತ್ತು ತಾಲ್ಲೂಕು ಪಶು ಆಸ್ಪತ್ರೆಗಳವರು ಸೇರಿ ಬೇಸಗೆಯ ಕೆಲಸದ ಹೊತ್ತು, ತೂಕ, ಅಂಗಾಲಿನ ಆರೈಕೆ ಕುರಿತು ಕನ್ನಡದಲ್ಲಿ, ಬ್ರೈಲ್ ಮತ್ತು ಧ್ವನಿ ರೂಪದಲ್ಲಿ ಕೈಪಿಡಿ ಮಾಡಬಹುದು. ಪ್ರತಿ ಜಿಲ್ಲೆಗೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ದೂರು ಕೇಳುವ ಸಮಿತಿಯನ್ನು ಅದರಡಿಯಲ್ಲೇ ರಚಿಸಬಹುದು. ಆದರೆ ಒಂದು ಷರತ್ತು ಸಡಿಲವಾಗಬಾರದು. ಆ ಸಮಿತಿಯಲ್ಲಿ ಅಂಧ ಸದಸ್ಯರು, ಸಾಧ್ಯವಾದಷ್ಟು ಮಟ್ಟಿಗೆ ಸ್ವತಃ ನಾಯಿಯೊಡನೆ ನಡೆದವರು ಇರಲೇಬೇಕು. ತಮ್ಮವರ ತಪ್ಪನ್ನು ಮುಚ್ಚುತ್ತಾರೆ ಎಂದು ಕೆಲವರು ಹೆದರಬಹುದು. ಹಿಡಿಯನ್ನು ಹಿಡಿದು ಬಲ್ಲವರು ನೆಪವನ್ನು ಬೇರೆಯವರಿಗಿಂತ ಬೇಗ ಗುರುತಿಸುತ್ತಾರೆ ಎಂಬುದು ನನ್ನ ನಂಬಿಕೆ.

ಅಂಧರ ಮೇಲಿನ ಈ ನಂಬಿಕೆಗೆ ನಮ್ಮಲ್ಲಿ ಹಳೆಯ ಆಧಾರವಿದೆ. 1901ರಲ್ಲಿ ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ, ಅವರನ್ನು ದಾನ ಬೇಡುವವರಾಗಲು ಬಿಡದೆ, ಕಲಿಸುವ ಗುರುಗಳನ್ನಾಗಿ ನಿಲ್ಲಿಸಿದರು. ಅಂಧರು ಹೊಣೆ ಹೊರಬಲ್ಲರು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಹೊಸ ಸಾಕ್ಷಿ ಬೇಕಿಲ್ಲ. ಶಿಷ್ಯರ ಯೋಗಕ್ಷೇಮದ ಹೊಣೆ ಹೊತ್ತವರ ನಾಡಿದು, ನಾಯಿಯ ಯೋಗಕ್ಷೇಮದ ಹೊಣೆಯನ್ನೂ ಅವರ ಕೈಗೆ ಕೊಡಬಹುದು.

ಕೊನೆಗೆ ನಿವೃತ್ತಿಯ ಪ್ರಶ್ನೆ. ಏಳೆಂಟು ವರ್ಷ ದುಡಿದ ನಾಯಿಯನ್ನು ಅಂಧರು ತಮ್ಮಲ್ಲೇ ಉಳಿಸಿಕೊಂಡು ಹೊಸ ನಾಯಿಯನ್ನೂ ಪಡೆದರೆ ಎರಡನ್ನೂ ಸಾಕುವ ಭಾರ ಬೀಳುತ್ತದೆ. ಉಳಿಸಿಕೊಳ್ಳದಿದ್ದರೆ ಹಳೆಯದರ ಗತಿಯೇನು ಎಂಬ ಕೊರಗು. ವಿದೇಶಗಳಲ್ಲಿ ಬಂಧುಗಳೋ ಗೆಳೆಯರೋ, ಮರಿಯಾಗಿದ್ದಾಗ ಅದನ್ನು ಒಂದು ವರ್ಷ ಸಾಕಿ ಬೆಳೆಸಿಕೊಟ್ಟ ಮನೆಯವರೋ ಮುದಿ ನಾಯಿಯನ್ನು ಕರೆದೊಯ್ಯುವುದು ರೂಢಿ. ನಮ್ಮಲ್ಲೂ ಮರಿ ಸಾಕುವ ಕುಟುಂಬಗಳನ್ನು ಈ ಊರುಗಳಿಂದಲೇ ಆರಿಸಬಹುದು. ನಾಯಿ ಕೊಡುವಾಗ ಮಾಡಿಕೊಳ್ಳುವ ಒಪ್ಪಂದ ಪತ್ರದಲ್ಲಿ ಎರಡು ಸಾಲು ಸೇರಿಸಬೇಕು. ನಾಯಿ ಕೆಲಸ ಬಿಟ್ಟ ಮೇಲೆ ಅದರ ಔಷಧದ ಖರ್ಚು ಸಂಸ್ಥೆಯದ್ದು ಎಂಬುದು ಒಂದು. ಅದು ಯಾರ ಮನೆಯಲ್ಲಿ ಉಳಿಯುತ್ತದೆ ಎಂಬುದನ್ನು ಅದು ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ, ಹಿಡಿದು ನಡೆದವರ ಒಪ್ಪಿಗೆಯಿಂದ ಗೊತ್ತುಮಾಡಿಕೊಳ್ಳಬೇಕು ಎಂಬುದು ಇನ್ನೊಂದು.